ನಾನು ಓಡಿಸಿದರೆ ಮಾತ್ರ ಹೊತ್ತುವ ದೀಪ

ನನ್ನ ಗಂಡ ಮುಂಬೈಯ ಹೋಟೆಲಿನಲ್ಲಿ, ಅವರ ಡೀಸೆಲ್ ಕಾರು ಕುಂದಾಪುರದ ಮನೆಯಲ್ಲಿ. ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಬ್ಯಾಂಕು, ತರಕಾರಿ, ಮೀನು ಮಾರ್ಕೆಟ್ಟು, ಅಷ್ಟೇ ನನ್ನ ಓಡಾಟ. ಹೈವೇ ಎಂದರೆ ಕೈ ಬೆವರುತ್ತಿತ್ತು.

ಒಂದು ದಿನ ಮಾರ್ಕೆಟ್ಟಿನ ಹತ್ತಿರ ಸ್ಪೀಡೋಮೀಟರಿನ ಪಕ್ಕ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿತು. ಮನೆಗೆ ಬಂದು ಗಂಡನಿಗೆ ಫೋನ್ ಮಾಡಿದೆ.

"ನೀ ಎಂತ ಮಾಡ್ದೆ?" ಎಂದರು.

"ನಾ ಎಂತದೂ ಮಾಡ್ಲಿಲ್ಲೆ."

"ನಾ ಓಡ್ಸ್ದಾಗ ಒಂದ್ ದಿನವೂ ಹೊತ್ಲಿಲ್ಲೆ ಅಲ್ದಾ?"

ಅದೂ ಸುಳ್ಳಲ್ಲ. ರಜೆಗೆ ಬಂದಾಗೆಲ್ಲ ಅವರು ಅದೇ ಕಾರಿನಲ್ಲಿ ಕೊಲ್ಲೂರಿಗೆ, ಬ್ರಹ್ಮಾವರಕ್ಕೆ ಎಂದು ದೂರ ದೂರ ಹೋಗಿ ಬರುತ್ತಿದ್ದರು. ಹಾಗಾದರೆ ತಪ್ಪು ಕಾರಿನದ್ದೋ ನನ್ನದೋ? ಕ್ಲಚ್ಚು ಜಾಸ್ತಿ ಒತ್ತುತ್ತೇನೆಯೇ? ಗೇರು ತಪ್ಪಿ ಹಾಕುತ್ತೇನೆಯೇ? ಮರುದಿನ ಇನ್ನೂ ನಿಧಾನ ಓಡಿಸಿಕೊಂಡು ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿದ. ಅದರಲ್ಲಿ ಒಂದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ ಬಂತು.

"ಹೊಗೆ ಫಿಲ್ಟರಲ್ಲಿ ಮಸಿ ತುಂಬಿತ್ತ್ ಅಕ್ಕ."

ನಾನು ಬಗ್ಗಿ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ಒರೆಸಿದೆ. ಬೆರಳು ಸ್ವಚ್ಛವಾಗಿಯೇ ಇತ್ತು.

"ಮಸಿ ಎಲ್ಲಿತ್ತ್?"

"ಹೊರಗ್ ಕಾಂಬುದಿಲ್ಲ, ಫಿಲ್ಟರ್ ಒಳಗೇ ಹಿಡ್ಕಂತ್. ಎಂಜಿನ್ ಲಾಯ್ಕ್ ಬಿಸಿ ಆರೆ ಸುಟ್ ಹೋತ್ತ್. ನೀವ್ ಪ್ಯಾಟಿಯೊಳಗೇ ನಿಧಾನ ಓಡ್ಸುದಲ್ದಾ? ಹೈವೇಲಿ ಬೈಂದೂರಿಗೆ ಹೋಯಿ ಬನ್ನಿ. ಅರವತ್ತ್ ಎಪ್ಪತ್ತರಲ್ಲಿ, ಎಲ್ಲೂ ನಿಲ್ಸ್ದೆ."

ನಿಧಾನ ಹೋಗಿ ಎಂದು ಡ್ರೈವಿಂಗ್ ಕಲಿಸಿದವರು ಹೇಳಿದ್ದರು. ನಿಧಾನ ಹೋದದ್ದೇ ತೊಂದರೆ ಎಂದು ಇವನು ಹೇಳುತ್ತಾನೆ. ಯಾರ ಮಾತು ಕೇಳಲಿ?

ಒಬ್ಬಳೇ ಹೋಗಲು ಧೈರ್ಯ ಸಾಲದೆ ಅತ್ತೆಯನ್ನು ಕೂರಿಸಿಕೊಂಡೆ. ಮೊದಲು ಬುಟ್ಟಿ ಹೊತ್ತು ಇದೇ ದಾರಿಯ ಬಸ್ಸುಗಳಲ್ಲಿ ಓಡಾಡಿ ಮೀನು ಮಾರಿದವರು. ಹೆಮ್ಮಾಡಿ ದಾಟುವಾಗ ಲಾರಿಯೊಂದು ಹಿಂದಿನಿಂದ ಹಾರ್ನ್ ಹಾಕಿತು. ನಾನು ಎಡಕ್ಕೆ ಸರಿದು ದಾರಿ ಬಿಟ್ಟೆ. ತ್ರಾಸಿಯಲ್ಲಿ ಅತ್ತೆ ಕೂಗಿದರು, "ಹ್ವಾಯ್, ನಿಲ್ಸ್ ನಿಲ್ಸ್! ಒಳ್ಳೆ ಬಂಗಡೆ ಮೀನ್ ಇತ್ತ್!"

"ನಿಲ್ಸೂಕ್ ಆತಿಲ್ಲೆ ಅತ್ತೆ, ಮಸಿ ಸುಡ್ಕ್!"

"ಎಂತ ಸುಡುದ್? ಕಾರಿಗ್ ಬೆಂಕಿ ಬಿತ್ತಾ?"

ವಿವರಿಸಲು ನನಗೇ ಬರಲಿಲ್ಲ. ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ ಇರುವ ಮರವಂತೆಯನ್ನು ಎಡಬಲ ನೋಡದೆ ದಾಟಿದೆ. ನಾವುಂದ ಹೋಯಿತು, ದೀಪ ಹಾಗೆಯೇ ಇತ್ತು. ಉಪ್ಪುಂದದ ಹತ್ತಿರ ಕಣ್ಣು ಹಾಯಿಸಿದರೆ ಆರಿತ್ತು. ಆರಿದ್ದು ಯಾವಾಗ, ನೋಡಿರಲಿಲ್ಲ.

ಬೈಂದೂರಿನಲ್ಲಿ ಚಹಾ ಕುಡಿಯುತ್ತಾ ಗಂಡನಿಗೆ ಫೋನ್ ಮಾಡಿದೆ. "ಸರಿ ಆಯ್ತ್."

"ಎಂತ ಆಯಿತ್ತ್?"

ಮಸಿ, ಬಿಸಿ, ಫಿಲ್ಟರ್ ಎಂದು ಏನೇನೋ ಹೇಳಿದೆ. ಅವರು, "ಹಾಂಗಾರೆ ನಿನ್ ತಪ್ಪಾ, ಕಾರಿಂದಾ?" ಎಂದರು.

"ನಂಗೂ ಗೊತ್ತಾಯ್ಲಿಲ್ಲೆ," ಎಂದೆ.

ಈಗ ಪ್ರತಿ ಭಾನುವಾರ ಅತ್ತೆಯೂ ನಾನೂ ಬೈಂದೂರಿಗೆ ಹೋಗುತ್ತೇವೆ. ಕೈ ಬೆವರುವುದು ಕಡಿಮೆಯಾಗಿದೆ. ಫಿಲ್ಟರಿನ ಒಳಗೆ ಮಸಿ ಸುಡುತ್ತದಂತೆ. ನಾನಂತೂ ನೋಡಿಲ್ಲ.