ಮಾಸ್ಟರ್ ಕತ್ತರಿ ಹಿಡಿಯುತ್ತಿದ್ದ ಕೈ

ಮೊನ್ನೆ ಇಂದಿರಾನಗರದ ಅಂಗಡಿಯೊಂದರಲ್ಲಿ ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಇಟ್ಟರು. ಆ ಆವಿಯ ವಾಸನೆಗೆ ಟೈಲರ್ ಮಾಸ್ಟರ್ ನೆನಪಾದರು. ಹಲಸೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಸಂದಿಯಲ್ಲಿ ರವಿಕೆ ಹೊಲಿಯುತ್ತಿದ್ದರು.

ಮಾಸ್ಟರ್ ಎಡಚರು. ಕತ್ತರಿ, ಸೀಮೆಸುಣ್ಣ ಎರಡೂ ಎಡಗೈಯಲ್ಲೇ. ಊಟ ಮಾತ್ರ ಬಲಗೈಯಲ್ಲಿ. ಚಿಕ್ಕಂದಿನಲ್ಲಿ ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಅವರಮ್ಮ ಸೌಟಿನಲ್ಲಿ ಬಾರಿಸಿ ರೂಢಿ ಮಾಡಿಸಿದ್ದರಂತೆ.

ತೊಂಬತ್ತರ ದಶಕದ ಕೊನೆಗೆ ಅವರಿಗೆ ಬೈಪಾಸ್ ಆಗಬೇಕಾಯಿತು. ಕೈಯಿಂದ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ಕೆಲಸಕ್ಕೆ ಕಡಿಮೆ ಬಳಸುವ ಕೈಯನ್ನು ಆರಿಸುತ್ತಾರೆ. ಯಾವ ಕೈಯಲ್ಲಿ ಊಟ ಮಾಡುತ್ತೀರಿ ಎಂದು ಆಸ್ಪತ್ರೆಯಲ್ಲಿ ಕೇಳಿದರಂತೆ. ಇವರು ಬಲಗೈ ಎತ್ತಿ ತೋರಿಸಿದರು. ಸುಳ್ಳೇನಲ್ಲವಲ್ಲ... ಎಡಗೈ ಕೊಯ್ದರು.

ಆಪರೇಷನ್ ಚೆನ್ನಾಗಿ ಆಯಿತು ಎಂದು ನಾವು ಉಸಿರು ಬಿಡುವುದರೊಳಗೆ ಮತ್ತೆ ಎದೆ ಹಿಡಿಯಿತು. ಜೋಡಿಸಿದ ನಾಳ ಬಿಗಿದು ಮುದುಡಿಕೊಂಡಿದೆ, ಸಡಿಲಿಸಲು ಔಷಧ ಹರಿಸುತ್ತಿದ್ದೇವೆ, ಬಿಗಿತ ಬಿಡದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಮಾಸ್ಟರ್ ಹೆಂಡತಿಯ ಜೊತೆ ನಾನೂ ಬೆಂಚಿನ ಮೇಲೆ ಕೂತೆ. ಫ್ಲಾಸ್ಕಿನ ಕಾಫಿ ಆರಿಹೋಯಿತು. ಸಂಜೆಯ ಹೊತ್ತಿಗೆ ನಾಳದ ಬಿಗಿತ ಬಿಟ್ಟಿತು.

ವಾರ್ಡಿಗೆ ನೋಡಲು ಹೋದಾಗ ಮಾಸ್ಟರ್ ಬ್ಯಾಂಡೇಜಿನ ಕೈ ನೋಡುತ್ತ, "ಅಮ್ಮನ ಹತ್ರ ಏಟು ತಿಂದ ಕೈ ಅಕ್ಕಾ ಇದು. ಹೊಸ ಜಾಗಕ್ಕೆ ಹಾಕಿದ್ರಲ್ಲ, ಹೆದರ್ಕೊಂಡ್ಬಿಡ್ತು," ಎಂದರು.

ಹೆಂಡತಿ ಗದರಿದರು. "ಯಾವ ಕೈ ಅಂತ ಕೇಳ್ದಾಗ ಕತ್ತರಿ ನೆನಪಾಗ್ಲಿಲ್ವಾ ನಿಮ್ಗೆ?"

"ಅವ್ರು ಕೇಳಿದ್ದು ಊಟದ್ದು ಕಣೇ."

ಗಾಯ ಮಾಯಿತು. ಹೆಬ್ಬೆರಳಿನ ಸುತ್ತಲ ಜೋಮು ಮಾತ್ರ ಹೋಗಲೇ ಇಲ್ಲ. ಕತ್ತರಿಯ ಹಿಡಿ ಬೆರಳಿಗೆ ಎಲ್ಲಿ ತಾಗುತ್ತಿದೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ನನ್ನ ನೀಲಿ ರವಿಕೆ ಬಟ್ಟೆಯನ್ನು ಹಟ ಹಿಡಿದು ತಾವೇ ಕತ್ತರಿಸಿದರು. ಕಂಕುಳ ಬಳಿ ಕತ್ತರಿ ಅಡ್ಡ ಹೋಯಿತು. ತುಂಡುಗಳನ್ನು ಮಡಿಸಿಟ್ಟರು. "ಎದೆ ಚೆನ್ನಾಗಿದೆ ಅಕ್ಕಾ. ಕೈ ಹೋಯ್ತು."

ಆಮೇಲೆ ಅಂಗಡಿ ಬಿಟ್ಟುಕೊಟ್ಟು ರಾಮಮೂರ್ತಿ ನಗರದ ಮಗಳ ಮನೆಗೆ ಹೋದರು. ಬಹಳ ವರ್ಷ ಬದುಕಿದ್ದರು, ಎದೆಯಿಂದ ಮತ್ತೆ ತೊಂದರೆಯಾಗಲಿಲ್ಲ. ಮಧ್ಯಾಹ್ನವೆಲ್ಲ ಸುಮ್ಮನೆ ಕೂತಿರುತ್ತಿದ್ದರು ಎಂದು ಮಗಳು ಹೇಳಿದಳು...

ಈಗ ಅವರಿಲ್ಲ. ನಾನು ರೆಡಿಮೇಡ್ ರವಿಕೆ ಕೊಳ್ಳುತ್ತೇನೆ. ತೋಳು ಬಿಗಿಯಾದರೂ ಹಾಗೇ ಹಾಕಿಕೊಂಡು ಓಡಾಡುತ್ತೇನೆ. ಬಿಚ್ಚಿಸಿ ಹೊಲಿಸುವ ಉತ್ಸಾಹ ಉಳಿದಿಲ್ಲ.