ಹಳದಿ ದಾರದ ಮಿಸಲು

ಮೈಲಾರಪ್ಪ ಕಾಕಾನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಕುಷ್ಟಗಿಯ ಕಚೇರಿಯಲ್ಲಿ ಯಾವ ಮಿಸಲು, ಅಂದರೆ ಯಾವ ಕಡತ, ಎಲ್ಲಿ ಬಿದ್ದಿದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಸಾಹೇಬರಿಗೂ ಗೊತ್ತಿರಲಿಲ್ಲ. ಅವನು ಅಲ್ಲಿಯ ಚಪರಾಸಿ. ಉರ್ದುವಿನಲ್ಲಿ ಬರೆದ ಕಾಗದದ ಕಟ್ಟುಗಳನ್ನು ಮೂಗಿನ ಹತ್ತಿರ ಹಿಡಿದು, ಮೂಲೆ ಸವರಿ, ದಾರದ ಗಂಟು ನೋಡಿ ಗುರುತಿಸುತ್ತಿದ್ದ. ದಿನಾ ಮುಂಜಾನೆ ಅವನ್ನೆಲ್ಲ ಕೆಂಪು ಬಟ್ಟೆಯ ಬಸ್ತಾದಲ್ಲಿ ಕಟ್ಟಿ ಒಯ್ದು ಸಾಹೇಬರ ಮೇಜಿನ ಮೇಲೆ ಬಿಚ್ಚಿಡುವುದು ಅವನ ಕೆಲಸ. ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದಷ್ಟೇ ಅವನ ಕೈಯಲ್ಲಿದ್ದ ಅಧಿಕಾರ.

"ಸರಕಾರದಾಗ ರೊಕ್ಕ ಇಲ್ಲಂತಲ್ಲೋ ತಮ್ಮಾ," ಎಂದು ನನಗೆ ಹೇಳುತ್ತಿದ್ದ. "ಮ್ಯಾಲ ಇದ್ದದ್ದು ಕಣ್ಣಿಗೆ ಬೀಳತೈತಿ, ತಳಗ ಇದ್ದದ್ದು ಗೆದ್ದಲ ಪಾಲು. ಅಷ್ಟ."

ಯುದ್ಧದ ಕಾಲ ಅದು. ನೂಲು ಸಿಗದೆ ನಮ್ಮ ಓಣಿಯ ಮಗ್ಗಗಳು ನಿಂತುಹೋಗಿದ್ದವು. ಏಳನೇ ತರಗತಿ ಮುಗಿಸಿದ ನಾನೂ, ಕಾಕಾನ ತಂಗಿಯ ಮಗ ಶಿವಪುತ್ರನೂ ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ನೊಣ ಹೊಡೆಯುತ್ತಿದ್ದೆವು. ಕೊನೆಗೆ ಓಣಿಯ ಹುಡುಗರೆಲ್ಲ ಸೇರಿ ಒಂದು ಅರ್ಜಿ ಹಾಕಿದೆವು. ಊರಲ್ಲಿ ಕೈಕಸುಬಿನ ಶಾಲೆ ತೆರೆಯಬೇಕು, ಕಿನ್ನಾಳದಿಂದ ಒಬ್ಬ ಮರಗೆಲಸದ ಮಾಸ್ತರರನ್ನು ಕರೆಸಬೇಕು, ಕಲಿಯುವಷ್ಟು ದಿನ ನಮಗೆ ಒಂದು ಹೊತ್ತಿನ ಊಟ ಕೊಡಬೇಕು. ಆಗ ಕಚೇರಿಯ ಭಾಷೆ ಉರ್ದು; ಅದರಲ್ಲಿ ಬರೆದವನು ನಾನು. ಅದು ಆಗದಿದ್ದರೆ ಶಿವಪುತ್ರ ಸೊಲ್ಲಾಪುರದ ಗಿರಣಿಗೆ ಹೋಗುವವನಿದ್ದ. ಮೊದಲೇ ದಮ್ಮಿನ ಹುಡುಗ, ಹತ್ತಿಯ ಧೂಳು ಅವನನ್ನು ಉಳಿಸುವುದಿಲ್ಲವೆಂದು ಅವನ ತಾಯಿಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ಕಾಕಾ ನಮ್ಮ ಮಗ್ಗದಲ್ಲಿ ಉಳಿದಿದ್ದ ಹಳದಿ ನೂಲಿನ ಒಂದು ಎಳೆ ಹರಿದುಕೊಂಡು ಹೋಗಿ ಆ ಮಿಸಲಿನ ರಟ್ಟಿಗೆ ಕಟ್ಟಿದ. ಅಂದಿನಿಂದ ಹಳದಿ ದಾರದ ಮಿಸಲು ದಿನಾ ಬಸ್ತಾದ ಮೇಲೆಯೇ. ಜ್ವರ ಬಂದರೂ ಕಂಬಳಿ ಹೊದ್ದು ಕಚೇರಿಗೆ ಹೋಗುತ್ತಿದ್ದ. ಬೇರೆಯವರು ಕಟ್ಟಿದರೆ ಅದು ತಳಕ್ಕೆ ಹೋದೀತೆಂಬ ಭಯ ಅವನಿಗೆ.

ಒಂದು ವರ್ಷ ಕಾದೆವು. ಶಾಲೆ ಬರಲಿಲ್ಲ. ಬಂದದ್ದು ಊರ ಹೊರಗೆ ದೊಡ್ಡ ಅಧಿಕಾರಿಗಳು ತಂಗುವ ಬಂಗಲೆ. ಅದಕ್ಕೆ ಇಟ್ಟಿಗೆ ಹೊತ್ತವರು ನಾವೇ. ಬಂಗಲೆ ಮುಗಿಯಿತು, ಕೂಲಿಯೂ ಮುಗಿಯಿತು, ಶಿವಪುತ್ರ ಸೊಲ್ಲಾಪುರಕ್ಕೆ ಹೋದ. ಕೆಲವೇ ತಿಂಗಳಲ್ಲಿ ಕೆಮ್ಮುತ್ತ ತಿರುಗಿ ಬಂದವನು ಮಳೆಗಾಲ ದಾಟಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೂ ಕಾಕಾ ಕಚೇರಿಗೆ ಹೋದ. ನಾನು ಸಿಟ್ಟಿನಿಂದ, "ಇನ್ಯಾರಿಗೆ ಕಾಕಾ ಆ ಸಾಲಿ?" ಎಂದು ಕೇಳಿದೆ.

"ನೀವು ಇನ್ನೂ ಅದೀರಲ್ಲೋ," ಎಂದ.

ಹೀಗೇ ವರ್ಷಗಳು ಕಳೆದವು. ಕಾಕಾನ ನೌಕರಿಯಲ್ಲಿ ಇನ್ನೊಂದೇ ದಿನ ಉಳಿದಿದ್ದಾಗ, ಮಧ್ಯಾಹ್ನ, ಆ ಮಿಸಲನ್ನು ಅಂಗಿಯೊಳಗೆ ಮುಚ್ಚಿಕೊಂಡು ನಮ್ಮ ಮನೆಗೆ ಬಂದ.

"ತಮ್ಮಾ, ನಾಳಿಗೆ ನನ್ನ ಕೆಲಸ ಮುಗೀತು. ಮೂರು ವರ್ಷ ಇದನ್ನ ಮ್ಯಾಲ ಇಟ್ಟೇನಿ. ಒಳಗ ಏನ ಬರದೀದಿ ಅಂತ ಒಮ್ಮೆರ ಕೇಳಬೇಕು. ಓದು."

ದಾರ ಬಿಚ್ಚಿದೆ. ಒಳಗಿದ್ದದ್ದು ಬಂಗಲೆಯ ಕಾಗದ. ಇಟ್ಟಿಗೆಗೆ ಮಂಜೂರಿ, ಹಂಚಿಗೆ ಮಂಜೂರಿ, ಮಂಚಕ್ಕೆ ಮಂಜೂರಿ. ಕಾಗದಕ್ಕೂ ರಟ್ಟಿಗೂ ಬರ ಬಂದಿದ್ದ ಆ ದಿನಗಳಲ್ಲಿ ಯಾರೋ ಗುಮಾಸ್ತ ನಮ್ಮ ರಟ್ಟನ್ನೇ ದಾರದ ಸಮೇತ ಬಂಗಲೆಗೆ ಬಳಸಿಕೊಂಡಿದ್ದ. ಕಾಕಾ ಕಂಬಳಿ ಹೊದ್ದು ಹೋಗಿ ದಿನಾ ಮೇಲಿಟ್ಟದ್ದು ಬಂಗಲೆಯನ್ನು. ಎಲ್ಲಕ್ಕಿಂತ ಮೇಲಿದ್ದ ಹಾಳೆಯಲ್ಲಿ ಇನ್ನೂ ಮಂಜೂರಾಗದ ಕಿಟಕಿ ಪರದೆಗಳ ಪಟ್ಟಿ. ಹಾಳೆ ತಿರುಗಿಸಿದೆ. ಅದರ ಬೆನ್ನಿಗೆ ನನ್ನದೇ ಅಕ್ಷರ, ನಮ್ಮ ಅರ್ಜಿ, ನಡುವೆ ಒಂದು ಅಡ್ಡಗೆರೆ.

ಕಾಕಾ ನನ್ನ ಬಾಯನ್ನೇ ನೋಡುತ್ತಿದ್ದ. ಆ ಅರ್ಜಿಯನ್ನೇ ಕನ್ನಡದಲ್ಲಿ ಓದಿ ಹೇಳಿದೆ, ಊಟದ ಮಾತು, ಕಿನ್ನಾಳದ ಮಾಸ್ತರರ ಮಾತು, ಕೆಳಗಿನ ಹೆಸರುಗಳು. ಶಿವಪುತ್ರನ ಹೆಸರು ಬಂದಾಗ ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಭಾಳ ಛಲೋ ಬರದೀಯಪಾ," ಎಂದ. ರುಮಾಲು ತಿರುಗಿ ಸುತ್ತಿಕೊಳ್ಳುತ್ತ, "ಇಷ್ಟ ಛಲೋ ಬರದೀದಿ, ಮ್ಯಾಲನೂ ಇತ್ತು. ಮತ್ಯಾಕ ಆಗಲಿಲ್ಲ?"

ನಾನು ಹಾಳೆಯನ್ನು ಮೊದಲಿದ್ದಂತೆ ತಿರುಗಿಸಿ ರಟ್ಟಿನೊಳಗೆ ಇಟ್ಟೆ. ನಿಜ ಹೇಳಬೇಕಿತ್ತೋ ಏನೋ, ಈಗಲೂ ತಿಳಿಯದು. ಅವನು ತಾನೇ ಹಳದಿ ದಾರ ಬಿಗಿದು ಕಟ್ಟಿ ಎದ್ದ.

"ನಾಳೆ ಒಂದ ದಿನ ಐತಲ್ಲ. ಮ್ಯಾಲ ಇಟ್ಟ ಬರ್ತೇನಿ."

ನಾನು ಅವನನ್ನು ಕಂಡದ್ದು ಅದೇ ಕೊನೆ. ಮಗಳ ಊರು ಯಲಬುರ್ಗಾಕ್ಕೆ ಹೋದವನು ಅಲ್ಲಿಯೇ ತೀರಿಕೊಂಡ. ಅವನು ನೌಕರಿ ಮುಗಿಸಿದ ತಿಂಗಳೊಳಗೆ ಬಂಗಲೆಯ ಕಿಟಕಿಗಳಿಗೆಲ್ಲ ಪರದೆ ಬಂದವು.