ಎರಡು ಏಳಾದ ಚೌಕ

ಬೆಳಗಿನ ಐದೂವರೆ. ಬೀದಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಎರಡು ಕೋಣೆಯ ಮನೆಯಲ್ಲಿ, ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ ಉಳಿದ ಮೂರಡಿ ಜಾಗದಲ್ಲಿ ಐವತ್ತೆರಡರ ಹೆಂಗಸೊಬ್ಬರು ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಕುಳಿತಿದ್ದಾರೆ. ಪರದೆಯ ಮೇಲೆ ಒಂದೇ ಒಂದು ಗುಂಡಿ. ಅದರ ಅಂಚನ್ನು ಕೂದಲೆಳೆಯಷ್ಟು ದಪ್ಪ ಮಾಡುತ್ತಾರೆ, ನೋಡುತ್ತಾರೆ, ಮತ್ತೆ ತೆಳ್ಳಗೆ ಮಾಡುತ್ತಾರೆ. "ಕಣ್ಣು ಮಂಜಾದೋರಿಗೂ ಇದು ಕಾಣ್ಬೇಕಲ್ಲ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗದೆ.

ಜತೆಗಾರರ ಬಾಯಲ್ಲಿ ಇವರು ಡಿಫಾಲ್ಟಕ್ಕ. ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರು ಪರದೆಯ ಗುಂಡಿ, ಪಟ್ಟಿ, ಅಂಕಿ ತುಂಬುವ ಚೌಕಗಳನ್ನು ಪ್ರತಿ ಸಲ ಹೊಸದಾಗಿ ಕಡೆಯುವುದಿಲ್ಲ. ಸಿದ್ಧ ಸಾಮಾನಿನ ಪೆಟ್ಟಿಗೆಯೊಂದರಿಂದ ಎತ್ತಿಕೊಳ್ಳುತ್ತಾರೆ. ಅಂಥ ಒಂದು ಉಚಿತ ಪೆಟ್ಟಿಗೆಯನ್ನು ಅಕ್ಕನೂ ಸೇರಿ ಏಳು ಮಂದಿ ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆ. ಎತ್ತಿಕೊಂಡವರು ಏನೂ ಹೇಳದಿದ್ದರೆ ಗುಂಡಿ ಎಷ್ಟು ದೊಡ್ಡದಿರಬೇಕು, ಅಕ್ಷರ ಯಾವ ಬಣ್ಣದ್ದು, ಎಂಟರ್ ಒತ್ತಿದರೆ 'ಹೌದು' ಎಂದಾಗಬೇಕೋ 'ಬೇಡ' ಎಂದಾಗಬೇಕೋ? ಮೊದಲೇ ಮಾಡಿಟ್ಟ ಈ ತೀರ್ಮಾನಗಳೇ ಡಿಫಾಲ್ಟ್. ಅವುಗಳ ಕಡತ ಅಕ್ಕನ ಪಾಲಿಗೆ ಬಂದು ಹನ್ನೊಂದು ವರ್ಷ.

ಗಂಡ ದರ್ಜಿ. ಹೆಂಡತಿಯ ಕೆಲಸವನ್ನು ಅವರಷ್ಟು ಚೆನ್ನಾಗಿ ಬಿಡಿಸಿ ಹೇಳಿದವರನ್ನು ನಾನು ಕಂಡಿಲ್ಲ. "ನಾನು ಅಳತೆ ತಗೊಂಡು ಹೊಲೀತೀನಿ. ಇವಳು ಅಳತೆ ಕೊಡದೇ ಇರೋರಿಗೆಲ್ಲ ಹೊಲೀತಾಳೆ. ಬಿಗಿಯಾದ್ರೂ ಬೈಗುಳ, ಸಡಿಲಾದ್ರೂ ಬೈಗುಳ."

ಕಡತದಲ್ಲಿ ಸಾವಿರದ ಮುನ್ನೂರ ನಲವತ್ತು ಸಾಲು. ದಿನಕ್ಕೆ ಮೂವತ್ತು, ನಲವತ್ತು ಪತ್ರ, ಬಹುಪಾಲು ದೂರು. ಒಂಬತ್ತಕ್ಕೆ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ. ಅದಕ್ಕೆ ಹೊರಡುವ ಮುನ್ನ ಇವಕ್ಕೆಲ್ಲ ಉತ್ತರ ಬರೆದಾಗಬೇಕು. ಒಮ್ಮೆ ಪಟ್ಟಿಯ ಬಣ್ಣ ತುಸು ತಿಳಿ ಮಾಡಿದ್ದಕ್ಕೆ ಒಬ್ಬ ಮಹಾಶಯ "ನಿನ್ನ ಕೈ ಸೇದಿಹೋಗಲಿ" ಎಂದು ಬರೆದಿದ್ದನಂತೆ. ಹೊಗಳಿ ಯಾರೂ ಬರೆದಿಲ್ಲವೇ? "ಒಂದು ಬಂದಿತ್ತು. ಬೇರೆ ಯಾರಿಗೋ ಬರೆದದ್ದು, ವಿಳಾಸ ತಪ್ಪಿ ಬಂದಿತ್ತು," ಎಂದು ನಗುತ್ತಾರೆ. ಇಡೀ ಬೆಳಗಿನಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಒಂದು ವಿಷಯ ಚುಚ್ಚತೊಡಗುತ್ತದೆ. ಪುಟ ಸರಿಸಲೆಂದು ಮೌಸಿನ ಚಕ್ರ ತಿರುಗಿಸುವಾಗ ಬಾಣದ ಗುರುತು ಅಂಕಿಯ ಚೌಕದ ಮೇಲೆ ನಿಂತಿದ್ದರೆ, ಪುಟ ಸರಿಯುವ ಬದಲು ಅಂಕಿಯೇ ಬದಲಾಗುತ್ತದೆ. ಸದ್ದಿಲ್ಲ, ಎಚ್ಚರಿಕೆಯಿಲ್ಲ. ಅಂಕಿ ಬೆರಳಚ್ಚಿಗಷ್ಟೇ ಬದಲಾಗಲಿ, ಚಕ್ರಕ್ಕೆ ಬಗ್ಗುವುದೇ ಬೇಡ ಎಂದು ಅಕ್ಕ ಉಳಿದ ಆರು ಮಂದಿಯ ಮುಂದಿಡುತ್ತಾರೆ. ಐವರು ಒಪ್ಪುವುದಿಲ್ಲ. ಹಳಬರ ಅಭ್ಯಾಸ ಕೆಡುತ್ತದೆ, ದೂರು ಹೆಚ್ಚುತ್ತದೆ ಎಂಬುದು ಅವರ ವಾದ. ಅಕ್ಕ ಸುಮ್ಮನಾಗುತ್ತಾರೆ. "ಇನ್ನೊಂದು ಸಲ ಗಟ್ಟಿಯಾಗಿ ಹೇಳ್ಬೇಕಿತ್ತು. ಬೈಸ್ಕೊಂಡು ಬೈಸ್ಕೊಂಡು ಸಾಕಾಗಿತ್ತು, ಬಿಟ್ಬಿಟ್ಟೆ."

ಎರಡು ವರ್ಷದ ಮೇಲೆ, ದೂರುಗಳ ನಡುವೆ ಒಂದು ಕಾಗದ ಬರುತ್ತದೆ. ಬರೆದವಳು ಆಸ್ಪತ್ರೆಯೊಂದರ ಟೈಪಿಸ್ಟ್; ಅಲ್ಲಿನ ತಂತ್ರಾಂಶ ಇದೇ ಪೆಟ್ಟಿಗೆಯ ಸಾಮಾನಿನಿಂದ ಕಟ್ಟಿದ್ದು, ವಿಳಾಸ ಅದರಲ್ಲೇ ಸಿಕ್ಕಿತ್ತು. ಮುದುಕರೊಬ್ಬರ ಔಷಧಿಯ ಪ್ರಮಾಣ 'ಎರಡು' ಎಂದು ತುಂಬಿದ್ದಾಳೆ. ಉಳಿಸುವ ಮುನ್ನ, ರೋಗಿಯ ಹೆಸರು ಸರಿಯಿದೆಯೇ ಎಂದು ನೋಡಲು ಪುಟವನ್ನು ಮೇಲಕ್ಕೆ ಸರಿಸಿದ್ದಾಳೆ. ದಾಖಲಾದದ್ದು ಏಳು. ಮೂರನೆಯ ದಿನ ಮುದುಕರು ತೀರಿಕೊಂಡರು. ಅವಳ ಕೆಲಸ ಹೋಯಿತು. "ನಾನು ಎರಡೇ ಹೊಡೆದದ್ದು. ನನ್ನ ಕೈ ನನಗೆ ಗೊತ್ತು," ಎಂದಿತ್ತು ಕೊನೆಯ ಸಾಲು.

ಅಕ್ಕ ಇದೇ ಕುರ್ಚಿಯಲ್ಲಿ ಕುಳಿತು ಅಂಥದೇ ಪುಟ ಮಾಡಿ, ಎರಡು ತುಂಬಿ, ಚಕ್ರ ತಿರುಗಿಸುತ್ತಾರೆ. ಮೂರು, ನಾಲ್ಕು, ಐದು, ಆರು, ಏಳು. "ಅಜಾಗರೂಕತೆ ಅಂದ್ರು ಅವಳನ್ನ. ಜಾಗರೂಕತೆಯಿಂದ ಹೆಸರು ನೋಡೋಕೆ ಹೋಗಿದ್ದಕ್ಕೇ ಅಲ್ವಾ ಹಂಗಾಗಿದ್ದು?"

ಆ ವಾರವೇ ಅವರು ಡಿಫಾಲ್ಟನ್ನು ಬದಲಿಸುತ್ತಾರೆ. ಈ ಸಲ ಯಾರೂ ಅಡ್ಡ ಬರುವುದಿಲ್ಲ. ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಆಸ್ಪತ್ರೆಯ ವಿಚಾರಣಾಧಿಕಾರಿಯ ಮುಂದೆ ನಿಲ್ಲುತ್ತಾರೆ. ಎರಡು ಏಳಾಗುವುದನ್ನು ಆತ ಕಣ್ಣಾರೆ ನೋಡುತ್ತಾನೆ. "ಸರಿ ಅಮ್ಮ, ಪರದೆ ಮೇಲೆ ಏಳು ಅಂತ ಕಾಣ್ತಿತ್ತಲ್ಲ, ಓದ್ಕೋಬೇಕಿತ್ತು," ಎಂದು ಕಡತ ಮುಚ್ಚುತ್ತಾನೆ. ಆಸ್ಪತ್ರೆಯಲ್ಲಿ ಇಂದಿಗೂ ಓಡುತ್ತಿರುವುದು ಹಳೆಯ ತಂತ್ರಾಂಶವೇ. ಅದನ್ನು ಬರೆದುಕೊಟ್ಟ ಕಂಪನಿ ಬಾಗಿಲು ಹಾಕಿದೆ. ಹೊಸ ಪೆಟ್ಟಿಗೆಯ ಸಾಮಾನು ಅದರೊಳಗೆ ಕೂರಿಸುವವರು ಯಾರೂ ಇಲ್ಲ.

ಟೈಪಿಸ್ಟ್ ಈಗ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಾಳೆ. ಅಕ್ಕ ಹುಡುಕಿಕೊಂಡು ಹೋದಾಗ ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. "ನೀವು ಸರಿ ಮಾಡಿದ್ರಲ್ಲಕ್ಕ, ಬಿಡಿ. ನಮ್ಮಪ್ಪಂಗೆ ಮಾತ್ರ ಒಂದು ಮಾತು ಹೇಳಿ. ಅವತ್ತಿಂದ ನನ್ನ ಕೈಯಲ್ಲಿ ಮಾತ್ರೆ ಇಸ್ಕೊಳ್ಳಲ್ಲ ಅವರು," ಎಂದಳಂತೆ.

ಅಕ್ಕ ಅವಳ ಮನೆಗೂ ಹೋಗುತ್ತಾರೆ. ಗೋಡೆಗೊರಗಿ ಕುಳಿತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ: "ಹಂಗಂತ ಆಸ್ಪತ್ರೆಯವರು ಬರ್ದು ಕೊಟ್ಟಿದಾರೇನಮ್ಮ?"

ಅಂದಿನಿಂದ ಅಕ್ಕ ತಿಂಗಳಿಗೊಂದು ಅರ್ಜಿ ಆಸ್ಪತ್ರೆಗೆ ಹಾಕುತ್ತಲೇ ಇದ್ದಾರೆ. ಇಪ್ಪತ್ತೆರಡು ಆಗಿವೆ, ಒಂದಕ್ಕೂ ಉತ್ತರವಿಲ್ಲ. ಡಿಫಾಲ್ಟಿನ ಕೆಲಸ ಬಿಟ್ಟುಬಿಡಬಾರದೇ ಎಂದರೆ, ಬಿಟ್ಟರೆ ಆ ಕಡತ ನೋಡುವವರಿಲ್ಲ ಎನ್ನುತ್ತಾರೆ. ಹೆಮ್ಮೆಯಿಂದಲ್ಲ, ದಣಿವಿನಿಂದ. ಕಿಟಕಿಯಾಚೆ ಬೆಳಕು ಹರಿದಿದೆ. ಗಂಡ ಯಂತ್ರದ ಮುಂದೆ ಬಂದು ಕುಳಿತು ದಾರ ಪೋಣಿಸುತ್ತಿದ್ದಾರೆ. ನಿಮಗೆ ಏನಾಗಬೇಕು ಎಂದು ನಾನು ಕೇಳುತ್ತೇನೆ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. "ನಂಗೇನೂ ಬೇಡಪ್ಪ. 'ಅವಳು ಹೊಡೆದದ್ದು ಎರಡೇ' ಅಂತ ಒಂದು ಸಾಲು ಬರ್ದು, ಕೆಳಗೊಂದು ಮೊಹರು ಹಾಕಿ ಕೊಟ್ರೆ ಸಾಕು. ಅವರಪ್ಪಂಗೆ ಎಂಬತ್ತು ದಾಟಿದೆ. ಅವರು ಇರೋದ್ರೊಳಗೆ."